ಒಂದೇ ಸಲದ ಫ್ಲಾರೆನ್ಸ್

ಫ್ಲಾರೆನ್ಸಿಗೆ ಹೊರಟವರಿಗೆಲ್ಲ ಸಿಗುವ ಮೊದಲ ಸಲಹೆ, ಫಿರೆಂಜೆ ಕಾರ್ಡ್ ಕೊಂಡುಬಿಡಿ ಎಂಬುದು. 2011ರಲ್ಲಿ 50 ಯೂರೊಗೆ ಶುರುವಾದ ಈ ಮ್ಯೂಸಿಯಂ ಪಾಸ್ ಆಮೇಲೆ 85 ಯೂರೊಗೆ ಏರಿತು. ಬೆಲೆಯ ಜೊತೆ ಕೀರ್ತಿಯೂ ಏರಿತು. ಮೊದಲ ಬಾಗಿಲಲ್ಲಿ ಪಾಸ್ ತೋರಿಸಿದ ಕ್ಷಣದಿಂದ 72 ಗಂಟೆ. ಅಷ್ಟರೊಳಗೆ ಸುಮಾರು 60 ಮ್ಯೂಸಿಯಂ, ಅರಮನೆ, ಚರ್ಚು, ತೋಟಗಳಿಗೆ ಪ್ರವೇಶ. ಒಂದೊಂದಕ್ಕೂ ಒಂದೇ ಸಲ. ಪಾಸನ್ನು ಹೊಗಳುವ ಬರಹಗಳಲ್ಲಿ ಈ ಕೊನೆಯ ಷರತ್ತು ಎಲ್ಲೋ ಮೂಲೆಯಲ್ಲಿ ಬಂದು ಹೋಗುತ್ತದೆ. ನನ್ನ ತಕರಾರೆಲ್ಲ ಅದರ ಮೇಲೆಯೇ.

ಆ ಬರಹಗಳ ತುಂಬ ಇರುವುದು ಒಂದೇ ಲೆಕ್ಕ. ಉಫೀಟ್ಸಿಗೆ ಇಷ್ಟು, ಅಕಾಡೆಮಿಯಾಕ್ಕೆ ಇಷ್ಟು, ಬಾರ್ಜೆಲ್ಲೊಗೆ ಇಷ್ಟು, ಪಲಾಟ್ಸೊ ವೆಕ್ಕಿಯೊಗೆ ಇಷ್ಟು ಎಂದು ಬಿಡಿ ಟಿಕೆಟ್ಟುಗಳ ಬೆಲೆ ಕೂಡಿಸಿ, ಎಷ್ಟನೆಯ ಮ್ಯೂಸಿಯಂಗೆ ಪಾಸಿನ ದುಡ್ಡು ಗಿಟ್ಟುತ್ತದೆ ಎಂದು ಹೇಳುತ್ತಾರೆ. ಅಲ್ಲಿಂದಾಚೆಗಿನದೆಲ್ಲ ಲಾಭ. ಕನ್ನಡದಲ್ಲಿ ಯುರೋಪಿನ ಬಗ್ಗೆ ಈಗ ಬರುತ್ತಿರುವ ಬರಹಗಳಲ್ಲಿ, ವಿಡಿಯೊಗಳಲ್ಲಿ ಎದ್ದು ಕಾಣುವುದೂ ಇದೇ. ಕಾರಂತರು ‘ಅಪೂರ್ವ ಪಶ್ಚಿಮ’ದಂಥ ಪ್ರವಾಸಕಥನ ಬರೆದ ಭಾಷೆ ನಮ್ಮದು. ಚಿತ್ರದ ಮುಂದೆ ನಿಂತವನಿಗೆ ಏನಾಯಿತು ಎಂಬುದು ಹಿಂದಕ್ಕೆ ಸರಿದು, ಎಷ್ಟು ಯೂರೊ ಉಳಿಯಿತು ಎಂಬುದೇ ಮುಂದಕ್ಕೆ ಬಂದಿರುವುದು ನನಗೆ ಸಂಕಟದ ಸಂಗತಿ. ಲೆಕ್ಕ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಕೂಡಿಸಿದರೆ ಮೊತ್ತ ಸರಿಯಾಗಿಯೇ ಬರುತ್ತದೆ. ಆದರೆ ಆ ಲೆಕ್ಕದಲ್ಲಿ ಒಂದು ಮ್ಯೂಸಿಯಂ ಎಂದರೆ ಬಾಗಿಲು ದಾಟಿದ ಒಂದು ಗುರುತು, ಅಷ್ಟೆ. ಒಳಗೆ ಹತ್ತು ನಿಮಿಷ ಇದ್ದವನಿಗೂ ನಾಲ್ಕು ಗಂಟೆ ಇದ್ದವನಿಗೂ ಸಿಕ್ಕ ಲಾಭ ಒಂದೇ. ಹಾಗಾಗಿ ಬೇಗ ಹೊರಬಂದು ಮುಂದಿನ ಬಾಗಿಲಿಗೆ ಓಡಿದವನೇ ಗೆದ್ದ ಹಾಗೆ. ಫ್ಲಾರೆನ್ಸ್ ಒಂದು ಕೃತಿಯನ್ನು ಇನ್ನೊಂದರ ಜೊತೆ ಇಟ್ಟು ನೋಡದೆ ತಿಳಿಯುವ ಊರಲ್ಲ. ಅಂಥ ಊರಿನಲ್ಲಿ, ನೋಡಿದ್ದನ್ನು ಮತ್ತೆ ನೋಡಲು ಹೋಗುವ ದಾರಿಯನ್ನೇ ಈ ಪಾಸ್ ಮುಚ್ಚುತ್ತದೆ. ಕೀರ್ತಿಗೆ ತಕ್ಕ ವಸ್ತು ಇದಲ್ಲ.

ಪಾಸಿನ ಪರವಾಗಿ ಹೇಳಬೇಕಾದದ್ದು ಒಂದಿದೆ. ಬಿಡಿ ಟಿಕೆಟ್ ಕೊಂಡು ಯಾರೂ ಸುಲಭಕ್ಕೆ ಕಾಲಿಡದ ಸಣ್ಣ ಮ್ಯೂಸಿಯಂಗಳಿಗೆ ಅದು ಜನರನ್ನು ಕಳಿಸುತ್ತದೆ. ಹರ್ಬರ್ಟ್ ಹಾರ್ನ್ ಎಂಬ ಇಂಗ್ಲಿಷ್ ವಿದ್ವಾಂಸ 1916ರಲ್ಲಿ ಇಟಲಿಗೆ ಬಿಟ್ಟುಹೋದ ಮನೆಯಲ್ಲಿ ಜೊತ್ತೊ ಬರೆದ ಸಂತ ಸ್ಟೀಫನ್ ಇದ್ದಾನೆ. ಸ್ಟಿಬ್ಬರ್ಟ್ ಎಂಬ ಇನ್ನೊಬ್ಬ ಸಂಗ್ರಾಹಕನ ಮ್ಯೂಸಿಯಂನಲ್ಲಿ ಯುರೋಪಿನ ಕವಚಗಳ ಜೊತೆಗೆ ಜಪಾನಿನ ಕವಚಗಳೂ ಇವೆ. ಪಾಸ್ ಕೈಯಲ್ಲಿಲ್ಲದಿದ್ದರೆ ಎಷ್ಟೋ ಮಂದಿ ಇವನ್ನು ನೋಡುತ್ತಲೇ ಇರಲಿಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಹಾಗೆ ಹೋದವರು ಹಾರ್ನನ ಮನೆಯಲ್ಲಿ ಎಷ್ಟು ಹೊತ್ತು ನಿಂತರು ಎಂದು ಪಾಸ್ ಕೇಳುವುದಿಲ್ಲ, ಅದನ್ನು ಹೊಗಳುವವರೂ ಕೇಳುವುದಿಲ್ಲ.

ನಾನು ಹೇಳುತ್ತಿರುವುದನ್ನು ಸಾನ್ ಮಾರ್ಕೊ ಮಠದಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಫ್ಲಾರೆನ್ಸಿನಲ್ಲಿ ಬೇರೆ ಇಲ್ಲ. ಪೋಪ್ ನಾಲ್ಕನೆಯ ಯೂಜೀನಿಯಸ್ 1436ರಲ್ಲಿ ಇದನ್ನು ಡೊಮಿನಿಕನ್ ಸನ್ಯಾಸಿಗಳಿಗೆ ಕೊಟ್ಟ. ಊರಿನ ಸಿರಿವಂತ ಕೊಸಿಮೊ ದೆ ಮೆದಿಚಿ ದುಡ್ಡು ಸುರಿದ. ವಾಸ್ತುಶಿಲ್ಪಿ ಮಿಕೆಲೊಟ್ಸೊ ಹೊಸದಾಗಿ ಕಟ್ಟಿದ. ಈ ಮಠದ ಸನ್ಯಾಸಿ ಫ್ರಾ ಆಂಜೆಲಿಕೊ ತನ್ನ ಸಹಾಯಕರ ಜೊತೆ ಮೇಲಂತಸ್ತಿನ ನಲವತ್ತಕ್ಕೂ ಹೆಚ್ಚು ಕೋಣೆಗಳಲ್ಲಿ, ಕೋಣೆಗೊಂದರಂತೆ, ಹಸಿ ಗಾರೆಯ ಮೇಲೆ ಚಿತ್ರ ಬರೆದ. ಕೋಣೆಗೊಬ್ಬ ಸನ್ಯಾಸಿ, ಅವನಿಗೊಂದು ಕಿಟಕಿ, ಒಂದು ಚಿತ್ರ. ಆ ಒಂದು ಚಿತ್ರದ ಜೊತೆ ಅವನು ವರ್ಷಗಟ್ಟಲೆ ಬಾಳುತ್ತಿದ್ದ. 1869ರಲ್ಲಿ ಮ್ಯೂಸಿಯಂ ಆದ ಮೇಲೆ ನಾವು ಅದೇ ಕೋಣೆಗಳ ಹೊಸ್ತಿಲಲ್ಲಿ ನಿಂತು, ಇಣುಕಿ, ಮುಂದಿನದಕ್ಕೆ ಹೋಗುತ್ತೇವೆ.

ಮೆಟ್ಟಿಲು ಹತ್ತಿದ ಕೂಡಲೇ ಎದುರಿಗೆ ಮಂಗಳವಾರ್ತೆಯ ದೊಡ್ಡ ಚಿತ್ರ: ಕಂಬಸಾಲಿನ ಕೆಳಗೆ ಮರಿಯ, ಅವಳ ಮುಂದೆ ಬಾಗಿದ ದೇವದೂತ. ಚಿತ್ರದ ತಳದಲ್ಲಿ ಲ್ಯಾಟಿನಿನಲ್ಲಿ ಒಂದು ಆಜ್ಞೆ ಇದೆ. ಕನ್ಯೆಯ ಈ ರೂಪದ ಮುಂದೆ ಬಂದಾಗ ನಮೋ ಮರಿಯ ಹೇಳದೆ ಸುಮ್ಮನೆ ದಾಟಿಹೋಗಬೇಡ ಎಂಬುದು ಅದರ ತಾತ್ಪರ್ಯ. ಇದನ್ನು ಭಕ್ತಿಯ ಅಲಂಕಾರವೆಂದು ಬದಿಗಿಡಬಾರದು. ಆ ಜಾಗ ಎಂಥದೆಂದು ಚಿತ್ರಕಾರನಿಗೆ ಗೊತ್ತಿತ್ತು: ಅದು ಮೆಟ್ಟಿಲಿನ ತುದಿ, ದಿನಕ್ಕೆ ಹತ್ತಾರು ಸಲ ಎಲ್ಲರೂ ಹಾದುಹೋಗುವ ದಾರಿ. ಹಾದುಹೋಗುವುದೇ ಆ ಚಿತ್ರಕ್ಕಿದ್ದ ಅಪಾಯ. ಚಿತ್ರವೇ ಅದನ್ನು ಗುರುತಿಸಿ ತಡೆಯುತ್ತದೆ. ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತಾದರೂ ನಿಲ್ಲು ಎಂದು ಕಾಲವನ್ನು ಅಳೆದು ಕೊಡುತ್ತದೆ. ಮತ ಬೇರೆಯಾದ ನಮಗೆ ಆ ಪ್ರಾರ್ಥನೆ ಬೇಡವಾಗಬಹುದು, ಆ ಅಳತೆ ಬೇಕು.

ನಾನು ಹೆಚ್ಚು ಹೇಳಬೇಕಾದದ್ದು ಏಳನೆಯ ಕೋಣೆಯ ಚಿತ್ರದ ಬಗ್ಗೆ. ವಸ್ತು, ಕ್ರಿಸ್ತನ ಅಣಕ. ಸೈನಿಕರು ಯೇಸುವಿನ ಕಣ್ಣು ಕಟ್ಟಿ, ಹೊಡೆದು, ಯಾರು ಹೊಡೆದದ್ದು ಹೇಳು ಎಂದು ಕೇಳುವ ಪ್ರಸಂಗ. ಬೇರೆ ಚಿತ್ರಕಾರರಾದರೆ ಇಲ್ಲಿ ಗದ್ದಲ ತುಂಬುತ್ತಾರೆ. ಇಲ್ಲಿ ಸೈನಿಕರೇ ಇಲ್ಲ. ಹಸಿರು ಪರದೆಯ ಮುಂದೆ ಬಿಳಿ ಉಡುಪಿನ ಕ್ರಿಸ್ತ ಪೀಠದ ಮೇಲೆ ಕೂತಿದ್ದಾನೆ. ತಲೆಯ ಮೇಲೆ ಮುಳ್ಳಿನ ಕಿರೀಟ, ಕೈಯಲ್ಲಿ ರಾಜದಂಡದ ಬದಲು ಒಂದು ಕೋಲು. ಅವನ ಸುತ್ತ, ಗಾಳಿಯಲ್ಲಿ, ಮೈಯಿಲ್ಲದ ಕೈಗಳು. ಹೊಡೆಯಲು ಎತ್ತಿದ ಕೈ, ಕೋಲು ಹಿಡಿದ ಕೈ. ಒಂದು ಕಡೆ ಬರಿಯ ತಲೆಯೊಂದು ಟೋಪಿ ಎತ್ತಿ ಅಣಕದ ಮರ್ಯಾದೆ ತೋರಿಸುತ್ತ ಅವನ ಮುಖಕ್ಕೆ ಉಗುಳುತ್ತಿದೆ. ಕೆಳಗೆ, ಮುಂದುಗಡೆ, ಇಬ್ಬರು ನೆಲಕ್ಕೆ ಹತ್ತಿರವಾಗಿ ಕೂತಿದ್ದಾರೆ: ಎಡಕ್ಕೆ ಮರಿಯ, ಬಲಕ್ಕೆ ಸಂತ ಡೊಮಿನಿಕ್, ತೊಡೆಯ ಮೇಲೆ ತೆರೆದ ಪುಸ್ತಕ.

ಮೊದಲ ನೋಟಕ್ಕೆ ಇದು ವಿಚಿತ್ರವೆನಿಸುತ್ತದೆ. ಪಾಸ್ ಹಿಡಿದವರು ವಿಚಿತ್ರವೆಂದುಕೊಂಡೇ ಮುಂದೆ ಹೋಗುತ್ತಾರೆ. ಹೋಗಲು ಕಾರಣವೂ ಇದೆ. ಚಿತ್ರ ಇರುವುದು ಕಿಟಕಿ ಇರುವ ಗೋಡೆಯಲ್ಲೇ, ಕಿಟಕಿಯ ಪಕ್ಕ. ಹೊಸ್ತಿಲಲ್ಲಿ ನಿಂತವರ ಕಣ್ಣಿಗೆ ಮೊದಲು ಹೊಡೆಯುವುದು ಹೊರಗಿನ ಬೆಳಕು. ಬಣ್ಣಗಳು ಮಸುಕಾಗಿ ಕಾಣುತ್ತವೆ. ಕಣ್ಣು ಒಗ್ಗಲು ಕೆಲವು ನಿಮಿಷ ಬೇಕು, ಒಗ್ಗಿದ ಮೇಲೆಯೇ ಆ ಚಿತ್ರದೊಳಗಿನ ಎರಡನೆಯ ಚಿತ್ರ ಕಾಣುವುದು. ಆಗ ಗೊತ್ತಾಗುತ್ತದೆ, ಕಟ್ಟಿದ ಬಟ್ಟೆ ತೆಳುವಾಗಿದೆ. ಅದರ ಹಿಂದೆ ಕ್ರಿಸ್ತನ ಕಣ್ಣುಗಳು ಕಾಣುತ್ತವೆ. ಹೊಡೆಯುವವರಿಗೆ ಮುಖವಿಲ್ಲ, ಹೊಡೆಸಿಕೊಳ್ಳುವವನ ಕಣ್ಣನ್ನು ಮುಚ್ಚಿದರೂ ಮುಚ್ಚಲಾಗಿಲ್ಲ. ಇಡೀ ಪ್ರಸಂಗದ ನ್ಯಾಯ ಆ ಬಟ್ಟೆಯ ತೆಳುವಿನಲ್ಲಿದೆ. ಇದನ್ನು ಕಾಣದೆ ಹೋದವರು ಏಳನೆಯ ಕೋಣೆಗೆ ಬಂದರೂ ಆ ಚಿತ್ರವನ್ನು ನೋಡಿಲ್ಲ.

ಇನ್ನೊಂದು ವಿಷಯಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಮರಿಯ ಮಗನ ಕಡೆ ತಿರುಗಿಲ್ಲ. ಡೊಮಿನಿಕ್ ಕೂಡ ತಲೆ ಎತ್ತಿಲ್ಲ, ಅವನು ಓದುತ್ತಿದ್ದಾನೆ. ಬೆನ್ನ ಹಿಂದೆ ನಡೆಯುತ್ತಿರುವುದನ್ನು ಇಬ್ಬರೂ ಕಣ್ಣಿಂದ ನೋಡುತ್ತಿಲ್ಲ. ಹಾಗಾದರೆ ಮೇಲಿನ ದೃಶ್ಯ ನಡೆಯುತ್ತಿರುವುದು ಎಲ್ಲಿ? ಓದುವವನ ಮನಸ್ಸಿನಲ್ಲಿ. ಕೈಗಳಿಗೆ ಮೈ ಯಾಕಿಲ್ಲ ಎಂಬುದಕ್ಕೂ ಅಲ್ಲೇ ಉತ್ತರವಿದೆ. ನೆನಪು ಯಾವತ್ತೂ ಪೂರ್ತಿ ಆಳುಗಳನ್ನು ತರುವುದಿಲ್ಲ. ಹೊಡೆದ ಕೈಯನ್ನು ಮಾತ್ರ, ಉಗುಳಿದ ಬಾಯಿಯನ್ನು ಮಾತ್ರ ತರುತ್ತದೆ. ಆ ಕಾಲದ ಪ್ರಾರ್ಥನೆಯ ಕೈಪಿಡಿಗಳು ಕ್ರಿಸ್ತನ ಯಾತನೆಯ ಪ್ರಸಂಗಗಳನ್ನು ನಿನಗೆ ಗೊತ್ತಿರುವ ಊರಿನಲ್ಲಿ, ಗೊತ್ತಿರುವ ಮುಖಗಳೊಡನೆ ಕಲ್ಪಿಸಿಕೋ ಎನ್ನುತ್ತಿದ್ದವೆಂದು ಕಲಾ ಇತಿಹಾಸಕಾರ ಮೈಕೆಲ್ ಬ್ಯಾಕ್ಸಂಡಾಲ್ 1972ರ ತನ್ನ ಪುಸ್ತಕದಲ್ಲಿ ತೋರಿಸಿದ್ದಾನೆ. ಆಂಜೆಲಿಕೊ ಹೊಡೆಯುವವರ ಮುಖಗಳನ್ನು ಖಾಲಿ ಬಿಟ್ಟಿರುವುದು ಆ ಕೆಲಸಕ್ಕೆ. ತುಂಬಬೇಕಾದವನು ಕೋಣೆಯ ಸನ್ಯಾಸಿ. ಒಂದು ಸಲ ತುಂಬಿದರೆ ಮುಗಿಯುವ ಕೆಲಸವಲ್ಲ ಅದು. ಇವತ್ತು ಒಂದು ಮುಖ, ನಾಳೆ ಇನ್ನೊಂದು, ಒಮ್ಮೊಮ್ಮೆ ತನ್ನದೇ. ಎಂದರೆ ಈ ಚಿತ್ರದ ರಚನೆಯಲ್ಲೇ ಮರಳಿ ನೋಡುವುದು ಸೇರಿಕೊಂಡಿದೆ. ಒಂದು ಸಲ ನೋಡುವವನಿಗಾಗಿ ಇದನ್ನು ಬರೆದಿಲ್ಲ.

ಇಲ್ಲಿ ಒಂದು ಹಳೆಯ ವಾದದ ಜೊತೆಯೂ ಜಗಳವಾಡಬೇಕು. ಆಂಜೆಲಿಕೊ ಶಿಲುಬೆಯ ಚಿತ್ರ ಬರೆಯುವಾಗೆಲ್ಲ ಅಳುತ್ತಿದ್ದ, ಒಮ್ಮೆ ಬರೆದದ್ದನ್ನು ದೇವರ ಇಚ್ಛೆಯೆಂದು ತಿದ್ದುತ್ತಿರಲಿಲ್ಲ ಎಂದು ಚಿತ್ರಕಾರರ ಜೀವನಚರಿತ್ರೆಗಳನ್ನು ಬರೆದ ವಸಾರಿ ಹೇಳಿದ. 1982ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವನನ್ನು ಧನ್ಯರ ಸಾಲಿಗೆ ಸೇರಿಸಿದ ಮೇಲೆ ಈ ಮುಗ್ಧ ಭಕ್ತನ ಕಥೆಗೆ ಇನ್ನಷ್ಟು ಬಲ ಬಂತು. ಮುಗ್ಧನ ಚಿತ್ರವಾದರೆ ಮುಗ್ಧವಾಗಿ, ಥಟ್ಟನೆ ನೋಡಿ ಮುಗಿಸಬಹುದು. ಆದರೆ ಆಂಜೆಲಿಕೊ ಮುಗ್ಧನಲ್ಲ. ತನ್ನ ಕಾಲದ ಚಿತ್ರಕಾರ ಮಸಾಚ್ಚೊ ಹೊಸದಾಗಿ ಏನು ಮಾಡಿದ ಎಂದು ಬಲ್ಲವನು, ಶಿಲ್ಪಿ ಗಿಬರ್ಟಿ ವಿನ್ಯಾಸ ಮಾಡಿದ ಚೌಕಟ್ಟಿನೊಳಗೆ ಚಿತ್ರ ಬರೆದವನು. ಇಷ್ಟೊಂದನ್ನು ಬಿಟ್ಟು ಇಷ್ಟನ್ನೇ ಉಳಿಸಿಕೊಂಡದ್ದು ಭಕ್ತಿಯ ಆವೇಶದಲ್ಲಿ ತಾನಾಗಿ ಆದದ್ದಲ್ಲ, ಯೋಚಿಸಿ ಮಾಡಿದ್ದು.

ಅದಕ್ಕೆ ಸಾಕ್ಷಿ ಕೆಲವೇ ನಿಮಿಷದ ನಡಿಗೆಯಷ್ಟು ದೂರದಲ್ಲಿದೆ. ದಾವೀದನಿಗಾಗಿ ಎಲ್ಲರೂ ಸಾಲು ನಿಲ್ಲುವ ಅಕಾಡೆಮಿಯಾದಲ್ಲಿ, ಆ ಮೂರ್ತಿಯಿಂದ ದೂರದ ಕೋಣೆಯಲ್ಲಿ, ಲೊರೆಂಜೊ ಮೊನಾಕೊ 1404ರಲ್ಲಿ ಬರೆದ ಚಿತ್ರವೊಂದಿದೆ. ಗೋರಿಯಿಂದ ಎದ್ದು ನಿಂತ ಕ್ರಿಸ್ತನ ಸುತ್ತ ಯಾತನೆಯ ಗುರುತುಗಳೆಲ್ಲ ಕಿಕ್ಕಿರಿದಿವೆ: ಯೂದನ ಮುತ್ತು, ಹಣ ಕೊಟ್ಟು ತೆಗೆದುಕೊಳ್ಳುವ ಕೈಗಳು, ಪಿಲಾತ ಕೈ ತೊಳೆಯುವುದು, ಏಣಿ, ಮೈಯಿಲ್ಲದ ತಲೆಗಳು. ಆಂಜೆಲಿಕೊನ ತೇಲುವ ಕೈಗಳು ಈ ಸಂಪ್ರದಾಯದಿಂದಲೇ ಬಂದವು. ಮೊನಾಕೊನ ಕೆಲಸ ಆಂಜೆಲಿಕೊನಿಗೆ ಚೆನ್ನಾಗಿ ಗೊತ್ತಿತ್ತು. ಸಾಂತಾ ತ್ರಿನಿತಾ ಚರ್ಚಿಗೆಂದು ಮೊನಾಕೊ ಶುರುಮಾಡಿ ಬಿಟ್ಟಿದ್ದ ಬಲಿಪೀಠದ ಚಿತ್ರವನ್ನು ಪೂರ್ತಿ ಮಾಡಿದವನು ಇವನೇ, ಅದು ಈಗ ಸಾನ್ ಮಾರ್ಕೊದ ಕೆಳಅಂತಸ್ತಿನಲ್ಲಿದೆ. ಮೊನಾಕೊನ ಚಿತ್ರ ನೋಡಿದ ಮೇಲೆ ಏಳನೆಯ ಕೋಣೆ ಬೇರೆಯೇ ಆಗಿ ಕಾಣುತ್ತದೆ. ಅಲ್ಲಿ ತುಂಬಿದ್ದನ್ನು ಇಲ್ಲಿ ಒಂದೊಂದಾಗಿ ತೆಗೆದುಹಾಕಿ, ನಾಲ್ಕಾರು ಗುರುತುಗಳನ್ನು ಮಾತ್ರ ಉಳಿಸಿ, ಮಿಕ್ಕ ಜಾಗಕ್ಕೆಲ್ಲ ಹಸಿರು ಪರದೆ ಎಳೆದಿದ್ದಾನೆ. ಮೊದಲು ಸಾನ್ ಮಾರ್ಕೊ ನೋಡಿ ಆಮೇಲೆ ಅಕಾಡೆಮಿಯಾಕ್ಕೆ ಹೋದವನಿಗೆ ಈ ಅರಿವು ಬರುವುದು ಅಕಾಡೆಮಿಯಾದಲ್ಲಿ. ಕೂಡಲೇ ಏಳನೆಯ ಕೋಣೆಗೆ ಓಡಬೇಕು ಅನ್ನಿಸುತ್ತದೆ. ಪಾಸ್ ಅವನನ್ನು ಒಳಗೆ ಬಿಡುವುದಿಲ್ಲ. ಅವನ ಸಾನ್ ಮಾರ್ಕೊ ಮುಗಿದಿದೆ.

ತಕರಾರು ಎಂದೆನಲ್ಲ, ಅದು ಇಷ್ಟೇ. ಕಲೆಯ ಅಭ್ಯಾಸದಲ್ಲಿ ಅತ್ಯಂತ ಬೆಲೆಯುಳ್ಳ ಕ್ಷಣ ಎರಡನೆಯ ನೋಟದ್ದು. 60 ಮೊದಲ ನೋಟಗಳನ್ನು ಮಾರುವ ಪಾಸ್ ಒಂದೇ ಒಂದು ಎರಡನೆಯ ನೋಟವನ್ನೂ ಮಾರುವುದಿಲ್ಲ.

ಯಾರೂ ಓಡಿಸುವುದಿಲ್ಲ, ಬೇಕಾದರೆ ಒಂದೇ ಕಡೆ ದಿನವಿಡೀ ಕೂತಿರಿ, ತಪ್ಪು ಪ್ರವಾಸಿಯದು, ಪಾಸಿನದಲ್ಲ ಎನ್ನುವವರಿದ್ದಾರೆ. ಈ ಮಾತನ್ನು ಹೇಳುವವರಲ್ಲಿ ಕಲಾ ವಿಮರ್ಶಕರೂ ಸೇರಿರುವುದು ನನಗೆ ಒಪ್ಪಿಗೆಯಿಲ್ಲ. 72 ಗಂಟೆಯಲ್ಲಿ ರಾತ್ರಿಗಳೂ ಸೇರಿವೆ. ಉಫೀಟ್ಸಿ ಮತ್ತು ಅಕಾಡೆಮಿಯಾ ಸೋಮವಾರ ಮುಚ್ಚಿರುತ್ತವೆ, ಪಾಸಿದ್ದರೂ ಅವಕ್ಕೆ ಮೊದಲೇ ಸಮಯ ಕಾಯ್ದಿರಿಸಬೇಕು. ಸಾನ್ ಮಾರ್ಕೊ ಬಹುಕಾಲ ಮಧ್ಯಾಹ್ನ ಎರಡರೊಳಗೆ ಬಾಗಿಲು ಹಾಕುತ್ತಿತ್ತು. ನಿದ್ದೆ, ಊಟ, ನಡಿಗೆ ಕಳೆದು ಉಳಿಯುವ ಹೊತ್ತನ್ನು ಕೊಟ್ಟ ದುಡ್ಡಿಗೆ ಹಂಚಿಕೊಂಡ ಮನುಷ್ಯನ ಕಾಲುಗಳು ತಾವಾಗಿಯೇ ಬಾಗಿಲ ಕಡೆ ತಿರುಗುತ್ತವೆ. ಅವನ ಸ್ವಭಾವವನ್ನು ದೂರುವ ಮೊದಲು ಅವನಿಗೆ ಕೊಟ್ಟ ನಿಯಮವನ್ನು ಓದಬೇಕು.

ಇದೇ ವಿಮರ್ಶಕರು ಇನ್ನೊಂದು ಹೆಸರನ್ನು ಪದೇಪದೇ ಎಳೆದು ತರುತ್ತಾರೆ: ಸ್ಟೆಂಡಾಲ್ ಸಿಂಡ್ರೋಮ್. ಫ್ಲಾರೆನ್ಸಿನಲ್ಲಿ ಮೂರು ದಿನ ಮ್ಯೂಸಿಯಂ ಸುತ್ತಿ ತಲೆ ತಿರುಗಿದವರಿಗೆಲ್ಲ ಈ ಹೆಸರಿಟ್ಟು, ಸೌಂದರ್ಯ ಅತಿಯಾದರೆ ಹೀಗಾಗುತ್ತದೆ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಇದು ಫ್ರೆಂಚ್ ಲೇಖಕ ಸ್ಟೆಂಡಾಲನಿಗೆ ಮಾಡುವ ಅನ್ಯಾಯ. ಅವನ ಪ್ರವಾಸಗ್ರಂಥವನ್ನು ತೆರೆದು ನೋಡಿ. ಸಾಂತಾ ಕ್ರೋಚೆ ಚರ್ಚಿನಲ್ಲಿ ಅವನು ಒಬ್ಬ ಸನ್ಯಾಸಿಯನ್ನು ಕೇಳಿ ಒಂದು ಮೂಲೆಯ ಪ್ರಾರ್ಥನಾ ಮಂದಿರವನ್ನು ತೆರೆಸಿಕೊಂಡ. ವೊಲ್ತೆರ‍್ರಾನೊ ಬರೆದ ಸಿಬಿಲ್‌ಗಳು, ಎಂದರೆ ಭವಿಷ್ಯ ನುಡಿಯುವ ಹೆಂಗಸರು, ಅಲ್ಲಿಯ ಮೇಲ್ಛಾವಣಿಯಲ್ಲಿದ್ದರು. ಸನ್ಯಾಸಿ ಅವನನ್ನು ಒಂಟಿಯಾಗಿ ಬಿಟ್ಟುಹೋದ. ಮೊಣಕಾಲೂರುವ ಪೀಠದ ಮೆಟ್ಟಿಲಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ಮೇಲಿನ ಚಿತ್ರವನ್ನೇ ನೋಡಿದ. ಹೊರಬರುವಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಬಿದ್ದುಬಿಡುತ್ತೇನೆಂದು ಹೆದರುತ್ತ ನಡೆದ. ಅವನನ್ನು ಅಲ್ಲಾಡಿಸಿದ್ದು ಒಂದು ಚರ್ಚು, ಅದರಲ್ಲೂ ಒಂದು ಛಾವಣಿ. ಅವನು ಕೂತಿದ್ದ, ಒಂಟಿಯಾಗಿದ್ದ, ಅವನಿಗೆ ಅವಸರವಿರಲಿಲ್ಲ. ಫ್ಲಾರೆನ್ಸಿನ ಮನೋವೈದ್ಯೆ ಗ್ರಾತ್ಸಿಯೆಲ್ಲಾ ಮಗೆರಿನಿ ಸಾಂತಾ ಮರಿಯಾ ನುವೊವಾ ಆಸ್ಪತ್ರೆಗೆ ಬಂದ ನೂರಕ್ಕೂ ಹೆಚ್ಚು ಪ್ರವಾಸಿಗಳನ್ನು ಗಮನಿಸಿ ಈ ಸ್ಥಿತಿಗೆ ಅವನ ಹೆಸರಿಟ್ಟರು. ಅದು ವೈದ್ಯರ ಮಾತು, ಅದರ ಬಗ್ಗೆ ನನ್ನ ವಾದವಿಲ್ಲ. ನನ್ನ ವಾದ, ಕಾಲುನೋವಿಗೆ ಆ ಹೆಸರು ಅಂಟಿಸುವವರ ಜೊತೆ.

ಆ ದಣಿವಿಗೆ ಬೇರೆ ಹೆಸರಿದೆ, ಅದೂ ನೂರು ವರ್ಷ ಹಳೆಯದು. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಗಿಲ್‌ಮನ್ 1916ರಲ್ಲಿ ಮ್ಯೂಸಿಯಂ ದಣಿವಿನ ಬಗ್ಗೆ ಬರೆದ. ಪ್ರದರ್ಶನದ ವಸ್ತುಗಳನ್ನು ಸರಿಯಾಗಿ ನೋಡಬೇಕಾದರೆ ಮನುಷ್ಯ ಎಷ್ಟು ಬಗ್ಗಬೇಕು, ಎಷ್ಟು ಕುಕ್ಕರಗಾಲಲ್ಲಿ ಕೂರಬೇಕು ಎಂದು ಒಬ್ಬನನ್ನು ನಿಲ್ಲಿಸಿ ಫೋಟೊ ತೆಗೆಸಿದ. ಅವನ ನಿರ್ಣಯ ನೇರವಾಗಿತ್ತು: ನೋಡುಗ ಸ್ವಲ್ಪ ಹೊತ್ತು ಹೀಗೆ ಮೈ ದಂಡಿಸುತ್ತಾನೆ, ಆಮೇಲೆ ಕಣ್ಣಾಡಿಸುವುದಕ್ಕೆ ಇಳಿಯುತ್ತಾನೆ. ಅದಕ್ಕೆ ಕಾರಣ ವಸ್ತುಗಳನ್ನು ಜೋಡಿಸಿದ ರೀತಿ, ನೋಡುಗನ ಸೋಮಾರಿತನವಲ್ಲ. ಗಿಲ್‌ಮನ್ ಗಾಜಿನ ಪೆಟ್ಟಿಗೆಗಳ ಬಗ್ಗೆ ಹೇಳಿದ್ದನ್ನು ಪಾಸಿನ ಬಗ್ಗೆ ಹೇಳಬೇಕಾದ ಕಾಲ ಬಂದಿದೆ. ಸ್ಟೆಂಡಾಲನ ಎದೆಬಡಿತ ಬೇಕಾದವನು ಅವನ ಹಾಗೆ ಕೂರಬೇಕು. ಪಾಸಿನ ಮೂರನೆಯ ದಿನದ ಮಧ್ಯಾಹ್ನ ಸಿಗುವುದು ಗಿಲ್‌ಮನ್ನನ ದಣಿವು ಮಾತ್ರ. ಎರಡನ್ನೂ ಒಂದೇ ಹೆಸರಿನಲ್ಲಿ ಬೆರೆಸಿದಾಗ ದಣಿವಿಗೆ ಅನುಭವದ ಪದವಿ ಸಿಗುತ್ತದೆ, ಪಾಸಿನ ದೋಷ ಊರಿನ ಮಹಿಮೆಯಾಗಿ ಮಾರ್ಪಡುತ್ತದೆ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟವರ ಮಾತು ಬೇರೆ ಎಂದು ಹೇಳಬಹುದು. ಷೆಂಗೆನ್ ವೀಸಾಕ್ಕೆ ಅಲೆದು, ಎರಡು ವಾರಗಳ ರಜೆಯಲ್ಲಿ ಮೂರು ದೇಶ ಮುಗಿಸಬೇಕಾದ ಸಂಸಾರಕ್ಕೆ ಫ್ಲಾರೆನ್ಸಿನ ಪಾಲಿಗೆ ಉಳಿಯುವುದೇ ಎರಡು ಮೂರು ದಿನ. ಮತ್ತೆ ಬರುತ್ತೇವೋ ಇಲ್ಲವೋ, ಸಿಕ್ಕಷ್ಟು ನೋಡಿಬಿಡೋಣ ಎನ್ನುವ ಆ ಹಂಬಲವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜೀವಮಾನದ ಉಳಿತಾಯ ಅದರಲ್ಲಿರುತ್ತದೆ. ನನ್ನ ಸಿಟ್ಟು ಅವರಿಗೆ ಸಲಹೆ ಕೊಡುವವರ ಮೇಲೆ. ಮತ್ತೆ ಬರಲಾರದವರಿಗೇ ಆ ಮೂರು ದಿನದೊಳಗೆ ಒಂದು ಚಿತ್ರಕ್ಕಾದರೂ ಮರಳಿ ಹೋಗುವ ಅವಕಾಶ ಬೇಕು. ನಾಳೆ ಊರಿಗೆ ಬಂದ ಮೇಲೆ ಅವರ ಜೊತೆ ಉಳಿಯುವುದು ಹಾಗೆ ಎರಡು ಸಲ ನೋಡಿದ್ದೇ.

ಮರಳಿ ಬರಲು ಬಿಟ್ಟರೆ ಜನಸಂದಣಿ ತಾಳಲಾಗದು ಎಂಬುದು ಪಾಸಿನ ಪರವಾದ ಕೊನೆಯ ವಾದ. ಉಫೀಟ್ಸಿಗೆ, ದಾವೀದನಿಗೆ ಅದು ನಿಜ. ಆದರೆ ಮರಳಿ ಬಿಡುವ ಪದ್ಧತಿ ಬೇರೆ ಕಡೆ ನಡೆದೇ ಇದೆ. ಡಚ್ಚರ ಮ್ಯೂಸಿಯಂ ಕಾರ್ಡ್ ಹಿಡಿದ ಅಲ್ಲಿನ ನಿವಾಸಿ ವರ್ಷವಿಡೀ ಒಂದೇ ಮ್ಯೂಸಿಯಂಗೆ ಬೇಕಾದಷ್ಟು ಸಲ ಹೋಗಬಹುದು. ಫ್ಲಾರೆನ್ಸ್ ನಗರವೇ ತನ್ನ ನಿವಾಸಿಗಳಿಗೆ 10 ಯೂರೊಗೆ ವರ್ಷದ ಕಾರ್ಡ್ ಕೊಟ್ಟು ನಗರಸಭೆಯ ಮ್ಯೂಸಿಯಂಗಳಿಗೆ ಮರಳಿ ಬರುವುದಕ್ಕೆ ಅನುವು ಮಾಡಿದೆ. ಮರಳಿ ನೋಡುವುದರ ಬೆಲೆ ಆ ಊರಿಗೆ ಗೊತ್ತಿದೆ. ಹೊರಗಿನವರಿಗೆ ಮಾರುವಾಗ ಅದನ್ನು ಬಿಟ್ಟು ಮಾರುತ್ತಿದೆ. ಉಫೀಟ್ಸಿಗೂ ಅಕಾಡೆಮಿಯಾಕ್ಕೂ ಒಂದೇ ಸಲ ಎಂಬ ನಿಯಮ ಬೇಕಾದರೆ ಇರಲಿ. ಸಾನ್ ಮಾರ್ಕೊಗೆ, ಬಾರ್ಜೆಲ್ಲೊಗೆ, ಹಾರ್ನನ ಮನೆಗೆ ಅದು ಅಗತ್ಯವಿಲ್ಲ. ಆ ಒಂದು ಸಾಲು ಬದಲಾಗುವವರೆಗೆ, ಕೇಳಿದವರಿಗೆ ನಾನು ಕೊಡುವ ಸಲಹೆ ಹೀಗೆ: ಪಾಸ್ ಬೇಡ. ಸಾನ್ ಮಾರ್ಕೊಗೆ ಎರಡು ಬಿಡಿ ಟಿಕೆಟ್ ಕೊಳ್ಳಿ, ಅಕಾಡೆಮಿಯಾಕ್ಕೆ ಒಂದು. ಮೊದಲ ದಿನ ಬೆಳಿಗ್ಗೆ ಏಳನೆಯ ಕೋಣೆ. ಆಮೇಲೆ ದಾವೀದನನ್ನು ನೋಡಲು ಹೋದಾಗ ಲೊರೆಂಜೊ ಮೊನಾಕೊ ಎಲ್ಲಿದ್ದಾನೆಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಎರಡನೆಯ ಟಿಕೆಟ್ಟನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ.